ವಿಮಾನದ ಏಣಿಯ ಮೇಲೆ ಮಣೆ ಹಾಕಿ ಕೂತ ನನ್ನ ತಂಗಿಯ ಪರವಾಗಿ

ದೊಡ್ಡ ವಿಮಾನ ನಿಲ್ದಾಣವನ್ನು ಆಳುತ್ತಿರುವ ಮಾನ್ಯ ಮೇಲಧಿಕಾರಿಗಳೇ,

ತಮ್ಮ ಸಿಬ್ಬಂದಿಗೆ ಓದಲು ಬರುತ್ತದೆಯೋ ಇಲ್ಲವೋ, ಮೊದಲು ಅದೊಂದನ್ನು ತಿಳಿಸಿ. ಬರುತ್ತದೆ ಎಂದಾದರೆ, ಟಿಕೆಟಿನ ಮೇಲೆ ಹೋಗುವ ಊರನ್ನು ಬರೆದು, ಮೊಹರು ಒತ್ತಿ, ನಮ್ಮ ಕೈಗೆ ಕೊಟ್ಟ ಮೇಲೂ ಬಾಗಿಲಿಗೊಬ್ಬ ಟೋಪಿಯವನನ್ನು ನಿಲ್ಲಿಸಿ "ಎಲ್ಲಿಗೆ? ಎಲ್ಲಿಗೆ?" ಎಂದು ಕೇಳಿಸುವುದು ಏತಕ್ಕೆ? ಬರುವುದಿಲ್ಲ ಎಂದಾದರೆ ಅವರ ತಲೆಗೆ ಅಷ್ಟು ದೊಡ್ಡ ಟೋಪಿ ಏತಕ್ಕೆ? ಒಂದು ವಿಮಾನದಿಂದ ಇಳಿದವರು ಇನ್ನೊಂದನ್ನು ಹತ್ತುವುದಕ್ಕೆ ತಮ್ಮ ಘನ ಇಲಾಖೆ ಕೊಟ್ಟಿರುವ ಹೊತ್ತು ಎಲೆ ಅಡಿಕೆ ಹಾಕಿಕೊಂಡು ಉಗಿಯುವುದಕ್ಕೂ ಸಾಲದು. ಆ ಹೊತ್ತನ್ನೂ ಈ ಒಂದು ಪ್ರಶ್ನೆಗೇ ಸುರಿದು, ಕಡೆಗೆ ವಿಮಾನ ತಡವಾಯಿತೆಂದು ಒಬ್ಬ ಹೆಣ್ಣುಮಗಳ ಮೇಲೆ ಕೂಗಾಡುವುದು ಯಾವ ಸೀಮೆಯ ಆಡಳಿತ? ಆ ಹೆಣ್ಣುಮಗಳು ನನ್ನ ತಂಗಿ. ಕೂಗಾಡಿದವರು ತಾವು. ಆದ್ದರಿಂದ ಈ ಪತ್ರವನ್ನು ನಾಲ್ಕು ಜನ ಓದುವ ಪತ್ರಿಕೆಯಲ್ಲಿಯೇ ಹಾಕಿಸುತ್ತಿದ್ದೇನೆ.

ನಾನು ಗುಂಡ್ಲುಪೇಟೆ ತಾಲ್ಲೂಕು ತೆರಕಣಾಂಬಿಯವನು. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಕಿವಿ ಹಿಂಡಿದರೆಂದು ಸ್ಲೇಟನ್ನು ಅವರ ಕಾಲ ಬಳಿ ಒಡೆದು ಮನೆಗೆ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಷ್ಟು ಓದಿದವನಿಗೇ ಟಿಕೆಟಿನ ಮೇಲಿನ ಊರು ಗೊತ್ತಾಗುತ್ತದೆ. ಈ ಪತ್ರದ ಕಾಗುಣಿತವನ್ನು ಸಂಪಾದಕರು ತಿದ್ದಿದ್ದಾರೆ. ಸಿಟ್ಟನ್ನು ತಿದ್ದಕೂಡದೆಂದು ಹೇಳಿ ಎದುರಿಗೇ ಕೂತಿದ್ದೇನೆ. ತಮಗೆ ಕನ್ನಡ ಬಾರದಿದ್ದರೆ ಬಲ್ಲವರಿಂದ ಓದಿಸಿಕೊಳ್ಳಿ. ತಮ್ಮ ಗೋಡೆಯ ಮೇಲಿನ ಇಂಗ್ಲಿಷನ್ನು ನಾನು ಹಾಗೆಯೇ ಓದಿಸಿಕೊಂಡೆ. ನನ್ನ ಮರ್ಯಾದೆಯೇನೂ ಹೋಗಲಿಲ್ಲ.

ನಾವು ವಿಮಾನ ಹತ್ತಿದ್ದು ಮೋಜಿಗಲ್ಲ. ನನ್ನ ತಂಗಿ ಮಲ್ಲಾಜಮ್ಮನಿಗೆ ಇರುವವಳು ಒಬ್ಬಳೇ ಮಗಳು, ಚಿಕ್ಕನಿಂಗಮ್ಮ. ನಮ್ಮ ಬಾಯಲ್ಲಿ ನಿಂಗಿ. ಅವಳನ್ನು ಚಂದಕವಾಡಿಯ ಮಾದಣ್ಣನಿಗೆ ಕೊಟ್ಟಿದೆ. ಹುಡುಗ ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ರಿಪೇರಿ ಕಲಿತು, ಈಗ ಕಲ್ಕತ್ತೆಯಲ್ಲಿ ವಿಮಾನದ ಇಂಜಿನು ಬಿಚ್ಚಿ ಕಟ್ಟುವ ಕೆಲಸದಲ್ಲಿದ್ದಾನೆ. ನಿಂಗಿಗೆ ಇದು ಚೊಚ್ಚಲ ಬಸಿರು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕು. ಆದರೆ ಅಲ್ಲಿನ ಲೇಡಿ ಡಾಕ್ಟರು ಮೈಯಲ್ಲಿ ನೀರು ತುಂಬಿದೆ, ರೈಲು ಹತ್ತಕೂಡದು ಎಂದುಬಿಟ್ಟರು. ಅಕ್ಕಪಕ್ಕದಲ್ಲಿ ಒಬ್ಬರಿಗೂ ಕನ್ನಡ ಬಾರದ ಊರಿನಲ್ಲಿ ಆ ಹುಡುಗಿ ಹೆದರಿ, ಊಟ ಬಿಟ್ಟು, ಅವ್ವ ಬೇಕು ಎಂದು ಹಟ ಹಿಡಿದು ಕೂತಳು. ದಿನ ತುಂಬುತ್ತ ಬಂದಿದೆ, ಅತ್ತೆಯನ್ನು ಕೂಡಲೇ ಕಳಿಸಿ ಎಂದು ಮಾದಣ್ಣ ತಂತಿ ಕೊಟ್ಟ. ನೌಕರರ ಮನೆಯವರಿಗೆ ಸಿಗುವ ಪಾಸಿನಲ್ಲಿ ಇಬ್ಬರಿಗೆ ವಿಮಾನದ ಟಿಕೆಟನ್ನೂ ಮಾಡಿಸಿದ. ತಂಗಿಯ ಗಂಡ ಮರಿಯಪ್ಪ ಬಾವಿಗೆ ಬಗ್ಗಿ ನೋಡಿದರೆ ತಲೆ ಸುತ್ತಿ ಬೀಳುವ ಆಸಾಮಿ. ಆದ್ದರಿಂದ ನಾನು ಹೊರಟೆ. ಮಗಳು ತವರಿಗೆ ಬರಲಾರಳು, ಸರಿ, ತವರೇ ಎದ್ದು ಮಗಳ ಬಳಿ ಹೊರಟಿತು.

ತವರೆಂದರೆ ಬರಿಯ ಅವ್ವನಲ್ಲ. ಗಾಣದ ಹರಳೆಣ್ಣೆ ಒಂದು ತಂಬಿಗೆ, ಬಾಣಂತಿಗೆಂದು ಕುಟ್ಟಿದ ಮೆಣಸು, ಶುಂಠಿ, ಬೆಳ್ಳುಳ್ಳಿ, ಒಂದು ಡಬ್ಬ ತುಪ್ಪ, ಹಳೆಯ ಸೀರೆ ಹರಿದು ಒಗೆದು ಮಡಿಸಿದ ಬಟ್ಟೆಗಳು, ಇವೆಲ್ಲದರ ಮೇಲೆ ಒಂದು ಹಲಸಿನ ಮಣೆ. ಆ ಮಣೆಯ ಮೇಲೆಯೇ ನಮ್ಮವ್ವ ಬಾಣಂತಿ ನೀರು ಹಾಕಿಸಿಕೊಂಡದ್ದು; ನಿಂಗಿಯನ್ನು ಹೆತ್ತ ಮೇಲೆ ಮಲ್ಲಾಜಮ್ಮ ಕೂತದ್ದೂ ಅದರ ಮೇಲೆಯೇ. ಕೂತು ಕೂತು ನಡುವೆ ತಟ್ಟೆಯ ಹಾಗೆ ಸವೆದಿದೆ. ಕಲ್ಕತ್ತೆಯಲ್ಲಿ ಮರ ಸಿಗುವುದಿಲ್ಲವೇ ಎಂದು ಕೇಳಿದೆ. ಮರ ಸಿಗುತ್ತದೆ, ಸವೆದಿರುವುದು ಸಿಗುವುದಿಲ್ಲ ಎಂದಳು. ನಾನು ಬಾಯಿ ಮುಚ್ಚಿಕೊಂಡು ಮಣೆಯನ್ನು ಹೆಗಲ ಮೇಲೆ ಹೊತ್ತೆ.

ಇನ್ನು ಮುಖ್ಯ ವಿಷಯ. ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಇದು ತಮ್ಮ ಮಹಾನಗರಕ್ಕೆ ತಿಳಿಯದಿದ್ದರೆ ಈಗ ತಿಳಿಯಲಿ. ಕೇಳಿದರೆ ಹೋಗುವ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ಅಲ್ಲಿಯೇ ಕೂತು, ಒಂದು ಗುಟುಕು ನೀರು ಕುಡಿದು, ಮನಸ್ಸಿನಲ್ಲಿ ಮಾದೇಶ್ವರನನ್ನು ನೆನೆದು, ಹೊಸದಾಗಿ ಹೊರಡಬೇಕು. ಇದನ್ನು ಮೂಢನಂಬಿಕೆ ಎನ್ನುವ ಕನ್ನಡಕದವರು ನಮ್ಮೂರಲ್ಲೂ ಇದ್ದಾರೆ. ನಾನೂ ಪ್ರಾಯದಲ್ಲಿ ಹಾಗೆಯೇ ಅಂದವನು. ಎತ್ತು ಕೊಳ್ಳಲು ಹೊರಟಾಗ ಯಾವನೋ ಎಲ್ಲಿಗೆ ಎಂದ, ಕೂರದೆ ಹೋದೆ. ಒಳ್ಳೆಯ ಬಿಳಿ ಎತ್ತು, ಎತ್ತರವಾದ ಡುಬ್ಬ, ಹಲ್ಲೆಲ್ಲ ಸರಿಯಾಗಿತ್ತು. ಮನೆಗೆ ತಂದು ನೊಗ ಇಟ್ಟೆ, ಮಲಗಿತು. ಬಾಲ ತಿರುಚಿದೆ, ಮಲಗಿತ್ತು. ಊರಿನವರೆಲ್ಲ ಬಂದು ನೋಡಿದರು, ಆಗಲೂ ಮಲಗಿತ್ತು. ದಾರಿಯಲ್ಲಿ ನಾನು ಕೂರಬೇಕಾದದ್ದನ್ನೆಲ್ಲ ಆ ಎತ್ತು ಸಾಯುವವರೆಗೆ ನನ್ನ ಪರವಾಗಿ ಕೂತು ತೀರಿಸಿತು. ಅಂದಿನಿಂದ ನಾನು ಈ ವಿಷಯದಲ್ಲಿ ವಾದ ಮಾಡುವುದಿಲ್ಲ. ಎತ್ತಿನ ವಿಷಯಕ್ಕೇ ಹೀಗಾದರೆ, ಮಗಳ ಹೆರಿಗೆಗೆ ಹೊರಟ ತಾಯಿ ಕೂರದೆ ಹೋಗುತ್ತಾಳೆಯೇ?

ಹಾಗಾದರೆ ನಿಮ್ಮೂರಲ್ಲಿ ಬಸ್ಸು ಹೇಗೆ ಓಡುತ್ತದೆ ಎಂದು ತಾವು ಕೇಳಬಹುದು. ಚೆನ್ನಾಗಿಯೇ ಓಡುತ್ತದೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸು ತೆರಕಣಾಂಬಿಯಲ್ಲಿ ನಿಂತಾಗ ಕಂಡಕ್ಟರ್ ಮರಿಯಯ್ಯ ಇಳಿದು ಬರುತ್ತಾನೆ. ಜಗಳಗಂಟ, ಚಿಲ್ಲರೆ ಇಲ್ಲವೆಂದರೆ ವಂಶವನ್ನೇ ಎತ್ತಿ ಬಯ್ಯುತ್ತಾನೆ. ಆದರೆ ಅವನ ಬಾಯಿಂದ ಎಲ್ಲಿಗೆ ಎಂಬ ಮಾತು ಇದುವರೆಗೆ ಬಂದದ್ದಿಲ್ಲ. "ದೂರಾನಾ?" ಎನ್ನುತ್ತಾನೆ, ಅಷ್ಟೇ. ನಾವು "ಊ ಕಣಪ್ಪಾ, ದೂರ, ಚಾಮ್ರಾಜನಗ್ರ" ಎನ್ನುತ್ತೇವೆ. ಅವನಿಗೆ ಊರು ತಿಳಿಯಿತು, ನಮ್ಮ ಕೆಲಸ ಕೆಡಲಿಲ್ಲ, ಚೀಟಿ ಹರಿಯಿತು. ಎಷ್ಟು ಸುಲಭ ನೋಡಿ. ಆ ಕಡೆ ಚಾಮರಾಜನಗರದ ಸ್ಟೇಷನ್ನಿನಲ್ಲಿ ಮೈಸೂರಿನ ರೈಲು ಹೊಗೆ ಬಿಡುತ್ತ ನಿಂತಿರುತ್ತದೆ. ಗಾರ್ಡು ಹಸಿರು ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆಯ ಕಡೆ ನೋಡುತ್ತಾನೆ. ದೂರದಲ್ಲಿ ನಮ್ಮ ಬಸ್ಸಿನ ಧೂಳು ಎದ್ದರೆ ಬಾವುಟ ಕಂಕುಳಲ್ಲಿಯೇ ಉಳಿಯುತ್ತದೆ. ನಾವು ಓಡಿ ಹೋಗಿ ಹತ್ತಿಕೊಂಡು, ಮೂಟೆ ಒಳಗೆಳೆದುಕೊಂಡ ಮೇಲೆಯೇ ಅದು ಮೇಲೇಳುವುದು. ಅದು ಬೆಂಕಿ ನುಂಗುವ ಕಬ್ಬಿಣದ ಗಾಡಿ. ಅದಕ್ಕೆ ಧೂಳು ಕಂಡರೆ ಕನಿಕರ ಬರುತ್ತದೆ. ತಮ್ಮ ವಿಮಾನ ಆಕಾಶದಿಂದ ನೋಡುತ್ತದಲ್ಲ, ಅದಕ್ಕೇನು ಕಣ್ಣು ಮಬ್ಬೇ?

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೊದಲು ನಮ್ಮನ್ನು ಅಕ್ಕಿ ಮೂಟೆ ತೂಗುವಂಥ ತಕ್ಕಡಿಯ ಮೇಲೆ ನಿಲ್ಲಿಸಿದರು. ಮನುಷ್ಯರನ್ನು ಏಕೆ ತೂಗುತ್ತೀರಿ, ನಾವೇನು ಮಾರಾಟಕ್ಕಿದ್ದೇವೆಯೇ ಎಂದು ನಾನು ಜೋರು ಮಾಡಿದೆ. ಮಲ್ಲಾಜಮ್ಮನಿಗೆ ಮಾತ್ರ ತೂಗಿಸಿಕೊಳ್ಳುವುದು ಹಿಡಿಸಿತು. ಮಣೆ ಹಿಡಿದು ಒಂದು ಸಲ, ಬಿಟ್ಟು ಒಂದು ಸಲ ನಿಂತು, ಮಣೆಯ ತೂಕ ಎಷ್ಟೆಂದು ಹೇಳಿಸಿಕೊಂಡಳು. ಅಲ್ಲಿನ ಗುಮಾಸ್ತ ಮಂಡ್ಯದ ಕಡೆಯವನು. ಬರೆಯುತ್ತ ಬರೆಯುತ್ತ ಮರೆತು "ಎಲ್ಲಿಗಮ್ಮಾ?" ಎಂದ. ಅಂದವನೇ ನಾಲಿಗೆ ಕಚ್ಚಿಕೊಂಡ. ಮಲ್ಲಾಜಮ್ಮ ಮಣೆ ಹಾಕಿ ಕೂತಳು, ಅವನೇ ಎದ್ದು ಹೋಗಿ ಲೋಟದಲ್ಲಿ ನೀರು ತಂದುಕೊಟ್ಟ, ಕುಡಿದು ಎದ್ದೆವು. ಅಲ್ಲಿ ಹೊತ್ತು ಬೇಕಾದಷ್ಟಿತ್ತು, ಯಾರಿಗೂ ಏನೂ ನಷ್ಟವಾಗಲಿಲ್ಲ. ಆಮೇಲೆ ವಿಮಾನದೊಳಕ್ಕೆ ಹೋದರೆ ಅದು ಬೆಟ್ಟದ ಹಾಗೆ ಏರು. ಬಾಲ ನೆಲದಲ್ಲಿ, ಮೂಗು ಮೇಲೆ. ಕೂರುವ ಜಾಗಕ್ಕೆ ಹತ್ತಿಕೊಂಡೇ ಹೋಗಬೇಕು. ಒಬ್ಬ ಹುಡುಗಿ ಬಂದು ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರಮೆಂಟು ಕೊಟ್ಟಳು. ಮಲ್ಲಾಜಮ್ಮ ಹತ್ತಿಯನ್ನು ಹೆರಿಗೆಗೆ ಬೇಕಾದೀತೆಂದು ಸೊಂಟಕ್ಕೆ ಸಿಕ್ಕಿಸಿ, ಪೆಪ್ಪರಮೆಂಟನ್ನು ನನಗೆ ಕೊಟ್ಟಳು. ಮೋಡದ ಮೇಲೆ ಹೋದಾಗ ಕಿಟಕಿಯಲ್ಲಿ ನೋಡಿ, ಸುಣ್ಣ ಬೇಯಿಸಿ ಹರಡಿದ ಹಾಗಿದೆ ಎಂದಳು. ನನಗೆ ನಗು ಬಂತು. ಯಾಕೆಂದು ಈಗಲೂ ಗೊತ್ತಿಲ್ಲ. ಆ ಎತ್ತರದಲ್ಲಿ ನಗು ತಾನಾಗಿಯೇ ಬರುತ್ತದೆ. ಅಣ್ಣ ತಂಗಿ ಇಬ್ಬರೂ ತಮ್ಮ ಮಹಾನಗರ ಬರುವವರೆಗೆ ನಕ್ಕೆವು. ಅಲ್ಲಿಗೆ ನಗು ಮುಗಿಯಿತು.

ಮಾದಣ್ಣ ಮೊದಲೇ ಎಚ್ಚರಿಸಿದ್ದ: ಅಲ್ಲಿ ಇಳಿದ ಕೂಡಲೇ ಕಲ್ಕತ್ತೆಯ ವಿಮಾನ ಹತ್ತಬೇಕು, ನಿಂತು ಮಾತಾಡಬೇಡಿ ಮಾವ, ಯಾರ ಮೇಲೂ ಜಗಳಕ್ಕೆ ಹೋಗಬೇಡಿ, ಅದು ತಪ್ಪಿದರೆ ಇನ್ನೊಂದು ನಾಳೆಯೇ. ನಾನು ಜಗಳಕ್ಕೆ ಹೋಗಲಿಲ್ಲ. ಮಲ್ಲಾಜಮ್ಮನನ್ನು ಕೈ ಹಿಡಿದು ಎಳೆದುಕೊಂಡೇ ಓಡಿದೆ. ಆಹಾ, ಎಂಥ ಜಾಗವಯ್ಯಾ ತಮ್ಮದು! ತೆರಕಣಾಂಬಿಯ ಸಂತೆಯಲ್ಲಿ ಜನ ನಾಲ್ಕು ದಿಕ್ಕಿಗೆ ಓಡಾಡಿದರೂ ಅವರಿಗೆ ಎಲ್ಲಿ ಮೆಣಸಿನಕಾಯಿ, ಎಲ್ಲಿ ಬಳೆ ಎಂದು ಗೊತ್ತಿರುತ್ತದೆ. ತಮ್ಮಲ್ಲಿ ಸೂಟು ಹಾಕಿದವರೂ ಕಳೆದುಹೋದ ಕರುಗಳ ಹಾಗೆ ಮುಖ ಮಾಡಿಕೊಂಡು ಓಡುತ್ತಿದ್ದರು. ಮೇಲಿನಿಂದ ಒಂದು ಕಹಳೆ ಏನೋ ಗೊರಗೊರ ಎನ್ನುತ್ತಿತ್ತು. ಅದು ಹಾಗೆ ಅಂದಾಗಲೆಲ್ಲ ಓಡುವವರು ನಿಂತು, ನಿಂತವರು ಓಡುತ್ತಿದ್ದರು. ನಾವೂ ಹಾಗೆಯೇ ಮಾಡಿದೆವು. ಮಣೆಯ ತುದಿ ಒಬ್ಬ ದೊಡ್ಡ ಮನುಷ್ಯರ ಹ್ಯಾಟಿಗೆ ತಗುಲಿ ಅದು ಬಿತ್ತು. ಎತ್ತಿಕೊಡುವಷ್ಟು ಪುರಸೊತ್ತು ಇರಲಿಲ್ಲ. ಈ ಪತ್ರ ಅವರ ಕಣ್ಣಿಗೆ ಬಿದ್ದರೆ ಕ್ಷಮಿಸಲಿ.

ಮೊದಲ ಬಾಗಿಲು. ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡವನು ಅಂಗೈ ಮೇಲೆ ಮಾಡಿ ತಿರುವಿದ. ಎಲ್ಲಿಗೆ ಎಂಬುದಕ್ಕೆ ಈ ದೇಶದಲ್ಲಿ ಭಾಷೆ ಎಷ್ಟೇ ಇರಲಿ, ಆ ಕೈ ಒಂದೇ. ಮಲ್ಲಾಜಮ್ಮನಿಗೆ ಹಿಂದಿ ಬರಬೇಕಾಗಿರಲಿಲ್ಲ. ಮಣೆ ಕೇಳಿ ಇಸಕೊಂಡಳು, ಬಾಗಿಲಿನ ನಡುವೆ ಹಾಕಿದಳು, ಕೂತಳು, ಜೊತೆಗೆ ತಂದಿದ್ದ ನೀರಿನ ಕೂಜದಿಂದ ಒಂದು ಗುಟುಕು ಕುಡಿದಳು, ಎದ್ದಳು. ಹಿಂದೆ ನಿಂತವರು ಏನೇನೋ ಅಂದರು. ಅದು ನಮಗೆ ತಿಳಿಯದ ಭಾಷೆಯಾದ್ದರಿಂದ ಆಶೀರ್ವಾದವೆಂದೇ ಇಟ್ಟುಕೊಂಡೆವು. ಎರಡನೆಯ ಬಾಗಿಲು, ಹಗ್ಗ ಕಟ್ಟಿಕೊಂಡು ನಿಂತವನು. ಅವನೂ ಅದೇ ಕೈ. ಮತ್ತೆ ಮಣೆ. ಆಗ ನಾನು ಒಂದು ಉಪಾಯ ಮಾಡಿದೆ. ಮುಂದಿನವನು ಬಾಯಿ ತೆರೆಯುವ ಮೊದಲೇ ಟಿಕೆಟನ್ನು ಅವನ ಮೂಗಿಗೆ ಹಿಡಿದೆ. ಪುಣ್ಯಾತ್ಮ ಅದನ್ನು ತೆಗೆದುಕೊಂಡ, ಈ ಕಡೆ ನೋಡಿದ, ಆ ಕಡೆ ನೋಡಿದ, ಬೆಳಕಿಗೆ ಹಿಡಿದು ನೋಡಿದ, ನನ್ನ ಕೈಗೆ ವಾಪಸು ಕೊಟ್ಟ, ಆಮೇಲೆ ಕೇಳಿದ: ಎಲ್ಲಿಗೆ?

ಮಾನ್ಯರೇ, ಆ ಹೊತ್ತಿನಲ್ಲಿ ನಾನು ಅವನನ್ನು ಏನೂ ಮಾಡಲಿಲ್ಲ. ಇದನ್ನು ನನ್ನ ಜೀವನದ ದೊಡ್ಡ ತಪಸ್ಸೆಂದು ತಿಳಿಯಿರಿ.

ಮುಂದಿನ ಬಾಗಿಲಿಗೆ ಇನ್ನೊಂದು ಉಪಾಯ. ಕೈ ತಿರುವುವುದು ಅವಳ ಕಣ್ಣಿಗೇ ಬೀಳದಿದ್ದರೆ ಆಯಿತಲ್ಲ? ಮಲ್ಲಾಜಮ್ಮನನ್ನು ಹಿಂದುಮುಂದಾಗಿ ತಿರುಗಿಸಿ, ಬಾವಿಯ ಬಳಿ ಎಮ್ಮೆಯನ್ನು ಹಿಮ್ಮೆಟ್ಟಿಸುವ ಹಾಗೆ ಹಿಂದಕ್ಕೆ ನಡೆಸಿಕೊಂಡು ಹೋದೆ. ಅವಳು ಎಣ್ಣೆಯ ತಂಬಿಗೆಯನ್ನು ಎದೆಗೆ ಅಪ್ಪಿಕೊಂಡು, ಬಂದ ದಾರಿಯನ್ನೇ ನೋಡುತ್ತ, ನಗುತ್ತ ಹಿಮ್ಮಡಿಯ ಮೇಲೆ ಬಂದಳು. ಬಾಗಿಲಿನವನು ಇಬ್ಬರನ್ನೂ ನೋಡಿ, ಹೆದರಿ, ನನ್ನೊಬ್ಬನಿಗೇ ಸಣ್ಣದಾಗಿ ಕೈ ತಿರುವಿದ. ನಾನು ಸಣ್ಣದಾಗಿ ಟಿಕೆಟು ತೋರಿಸಿದೆ. ಬಾಗಿಲು ದಾಟಿದೆವು. ಗೆದ್ದೆ ಎಂದುಕೊಂಡೆ.

"ಅಣ್ಣಯ್ಯ, ಕೇಳ್ಬುಟ್ನಲ್ವಾ ಅವ್ನು?" ಎಂದಳು.

"ಇಲ್ಲ ಕಣಮ್ಮಿ, ನಡಿ."

"ನಿನ್ ಮೂಗ್ ನೋಡುದ್ರೇ ಗೊತ್ತಾಯ್ತದೆ. ಸಿಟ್ ಬಂದ್ರೆ ಬದ್ನೆಕಾಯ್ ಆಯ್ತದೆ. ಮಣೆ ಕೊಡು ಇಲ್ಲಿ."

ಕೂತಳು. ಹೀಗೆ ಕೂತು ಎದ್ದು, ಕೂತು ಎದ್ದು ನಾವು ಬಯಲಿಗೆ ಬರುವ ಹೊತ್ತಿಗೆ ಕಲ್ಕತ್ತೆಯ ವಿಮಾನದ ಒಂದು ಕಡೆಯ ಫ್ಯಾನು ತಿರುಗುತ್ತಿತ್ತು. ಎಲ್ಲರೂ ಹತ್ತಿಯಾಗಿತ್ತು. ಒಬ್ಬ ಆಳು ಏಣಿಯನ್ನು ಎಳೆಯಲು ಕೈ ಹಾಕಿ ನಿಂತಿದ್ದ. ನಾನು ಮಣೆಯನ್ನು ತಲೆಯ ಮೇಲೆ ಎತ್ತಿ ಬೀಸುತ್ತ, ಜೀವನದಲ್ಲಿ ಎಂದೂ ಕೂಗದ ಹಾಗೆ ಕೂಗುತ್ತ ಓಡಿದೆ. ಸಿಮೆಂಟು ಕಾದು ಹೆಂಚಾಗಿತ್ತು; ಮಲ್ಲಾಜಮ್ಮನ ಬರಿಗಾಲು ನೆಲಕ್ಕೆ ತಗುಲಿತೋ ಇಲ್ಲವೋ ಕಾಣೆ, ನನಗಿಂತ ಮುಂದೆ ಹೋದಳು. ಆ ಆಳು ಏಣಿ ಬಿಟ್ಟು ನಿಂತ. ಮಲ್ಲಾಜಮ್ಮ ಹತ್ತಿದಳು. ಒಂದು ಮೆಟ್ಟಿಲು, ಇನ್ನೊಂದು, ಮತ್ತೊಂದು. ಇನ್ನೇನು, ಕೈ ಚಾಚಿದರೆ ಬಾಗಿಲು. ನನ್ನ ಕಣ್ಣಿಗೆ ಆಗಲೇ ನಿಂಗಿಯ ಮುಖ ಕಂಡುಬಿಟ್ಟಿತ್ತು.

ಆಗ ಏಣಿಯ ಬುಡಕ್ಕೆ ಬಿಳಿ ಬಟ್ಟೆ, ಬಂಗಾರದ ಗುಂಡಿಯ ಸಾಹೇಬರೊಬ್ಬರು ದಾಪುಗಾಲು ಹಾಕಿ ಬಂದರು. ಮೇಲೆ ನೋಡಿದರು. ಕೈ ಎತ್ತಿ, ಅಂಗೈ ತಿರುವಿ, ಆ ಫ್ಯಾನಿನ ಸದ್ದನ್ನೂ ಮೀರಿಸಿ ಕೇಳಿದರು.

ಮಾನ್ಯರೇ, ಆ ಕೈ ತಮ್ಮದು.

ಕಲ್ಕತ್ತೆಗೆ ಹೋಗುವ ವಿಮಾನ, ಕಲ್ಕತ್ತೆಯ ಏಣಿ, ಅದರ ಮೇಲೆ ಕಲ್ಕತ್ತೆಯ ಟಿಕೆಟು ಹಿಡಿದ ಹೆಂಗಸು. ಅವಳು ಅಲ್ಲಿಂದ ಮತ್ತೆಲ್ಲಿಗೆ ಹೋದಾಳು? ನಮ್ಮ ಕಡೆಯ ಹೆಡಿಯಾಲದ ಕಾಡಿಗೆ ಸೌದೆ ತರಲು ಹೋಗುತ್ತಾಳೆಯೇ? ಕೇಳದೆ ಇರಲು ತಮ್ಮ ಕೈಯಲ್ಲಿ ಆಗಲಿಲ್ಲವಲ್ಲ. ಮಲ್ಲಾಜಮ್ಮ ಹತ್ತುವುದನ್ನು ನಿಲ್ಲಿಸಿದಳು. ಹಿಂದೆ ತಿರುಗಿ ನನ್ನನ್ನು ನೋಡಿದಳು. ನಾನು ಬೇಡ ಎಂದು ತಲೆಯಾಡಿಸಿದೆ. ಅವಳು ಕೈ ಚಾಚಿದಳು. ಏನು ಮಾಡಲಿ, ಕೊಟ್ಟೆ. ಏಣಿಯ ಮೆಟ್ಟಿಲಿನ ಮೇಲೆ ಮಣೆ ಹಾಕಿ, ಸೆರಗನ್ನು ಗಾಳಿಗೆ ಹಾರದ ಹಾಗೆ ಸೊಂಟಕ್ಕೆ ಕಟ್ಟಿ, ಕೂತಳು. ಕೂಜದಲ್ಲಿ ನೋಡಿದರೆ ನೀರಿಲ್ಲ. ಎಲ್ಲ ತಮ್ಮ ಬಾಗಿಲುಗಳಿಗೇ ಮುಗಿದಿತ್ತು.

ಏಣಿ ಎಳೆಯುವ ಆಳು ಯಾರೆಂದು ತಮಗೆ ಗೊತ್ತೋ ಇಲ್ಲವೋ. ಸುಲ್ತಾನ್ ಬತ್ತೇರಿಯ ಮೊಯ್ದು. ಎಳೆಯ ವಯಸ್ಸಿನಲ್ಲಿ ಗುಂಡ್ಲುಪೇಟೆಯ ಸಂತೆಗೆ ತಿಂಗಳಿಗೊಮ್ಮೆಯಾದರೂ ಬಂದು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನು. ಓಡಿ ಬರುವಾಗಿನ ನನ್ನ ಕೂಗು ಕೇಳಿ, ಕನ್ನಡ ಕನ್ನಡ ಎಂದು ಕುಣಿದುಬಿಟ್ಟ. ಅವನೇ ತಮ್ಮ ಮಾತನ್ನು ನಮಗೆ ಹೇಳಿದ್ದು. ತಾವು ಹೇಳಿದ್ದು ಇದು: ಇಂಥವರೆಲ್ಲ ವಿಮಾನ ಹತ್ತಕೂಡದು, ಎತ್ತಿನ ಗಾಡಿಯಲ್ಲಿ ಹೋಗಲಿ, ಇವರನ್ನು ಇಳಿಸಿ ಏಣಿ ತೆಗೆ. ಹೇಳುವಾಗ ಮೊಯ್ದುವಿನ ತಲೆ ತಗ್ಗಿತ್ತು. ನನ್ನ ಮೂಗು ಏನಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ನಾನು ಬಾಯಿ ತೆರೆಯುವ ಮೊದಲೇ ಮಲ್ಲಾಜಮ್ಮ ಮಾತಾಡಿದಳು. ಮೇಲೆ ಕೂತವಳು, ಜೋರು ಮಾಡದೆ, ಮಗುವಿಗೆ ಹೇಳುವ ಹಾಗೆ ತಮಗೆ ಹೇಳಿದಳು.

"ನಿನ್ ಮಗ್ಳು ದಿನ ತುಂಬಿ ದೂರ್ದಲ್ಲಿ ಒಬ್ಳೇ ಕುಂತಿದ್ರೆ, ನಿನ್ನೆಂಡ್ರು ಓಯ್ತಾ ಇದ್ರೆ, ಯಾವನಾರ ಅಡ್ಡ ಬಂದು ಕೇಳುದ್ರೆ ನಿನ್ ಎದೆ ಧಸಕ್ ಅನ್ನಕಿಲ್ವಾ? ಒಂದ್ ಗುಟುಕ್ ನೀರ್ ಕೊಡ್ಸಪ್ಪ. ಕುಡ್ದು ಎದ್ದೋಯ್ತೀನಿ."

ಮೊಯ್ದು ಅದನ್ನೂ ತಮಗೆ ತಿಳಿಸಿದ. ತಾವು ಗಡಿಯಾರ ನೋಡಿದಿರಿ. ಮೊಯ್ದು ಇನ್ನೂ ಒಂದು ಮಾತು ಹೇಳಿದ, ಅದನ್ನು ಆಮೇಲೆ ನನಗೆ ಕೂಗಿ ತಿಳಿಸಿದ: ಸಾಹೇಬರೇ, ನೀರಿನ ಜೊತೆಗೆ ಒಂದು ಸಲ "ದೂರಾನಾ" ಎಂದುಬಿಡಿ, ಕೇಳಿದ್ದು ಕಳೆದುಹೋಗುತ್ತದೆ, ಅಮ್ಮ ಎದ್ದು ಹೋಗುತ್ತಾಳೆ. ಒಂದು ಮಾತು, ಮೂರು ಅಕ್ಷರ. ತಾವು ತುಟಿ ಬಿಚ್ಚಲಿಲ್ಲ. ವಿಮಾನದ ತುಂಬ ಜನ, ಕಿಟಕಿಗೊಂದು ಮುಖ ಅಂಟಿಕೊಂಡು ನೋಡುತ್ತಿದೆ, ಫ್ಯಾನು ತಿರುಗುತ್ತಿದೆ, ತಮ್ಮ ಟೋಪಿ ಹಾರುತ್ತಿದೆ, ತಾವು ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಗಡಿಯಾರ ಹಿಡಿದು ನಿಂತಿದ್ದೀರಿ. ಹಾಗಾದರೆ ಆ ಹೊತ್ತಿನಲ್ಲಿ ವಿಮಾನವನ್ನು ತಡೆದು ನಿಲ್ಲಿಸಿದ್ದು ಯಾರು? ಮಣೆಯ ಮೇಲೆ ಕೂತವಳೋ, ಮೂರಕ್ಷರ ಬಾಯಲ್ಲಿ ಇಟ್ಟುಕೊಂಡು ಬಿಡದೆ ನಿಂತವರೋ? ಇದನ್ನು ಓದುವವರೇ ತೀರ್ಮಾನಿಸಲಿ.

ಕಡೆಗೆ ಫ್ಯಾನು ನಿಂತಿತು. ವಿಮಾನ ನಡೆಸುವ ಸಾಹೇಬರೇ ಎದ್ದು ಬಾಗಿಲಿಗೆ ಬಂದರು. ಎತ್ತರದ ಆಳು, ಗಿರಿಜಾ ಮೀಸೆ. ಮೊಯ್ದು ಕೆಳಗಿನಿಂದ ಕೈ ಬಾಯಿ ಆಡಿಸಿ ಅವರಿಗೂ ಕಥೆ ಒಪ್ಪಿಸಿದ. ಅವರು ಒಳಕ್ಕೆ ಹೋಗಿ, ಗಾಜಿನ ಲೋಟದಲ್ಲಿ ನೀರು ತಂದು, ಏಣಿಯ ಮೇಲೆ ಬಗ್ಗಿ ಮಲ್ಲಾಜಮ್ಮನಿಗೆ ಕೊಟ್ಟರು. ಮೊಯ್ದು ಹೇಳಿಕೊಟ್ಟದ್ದನ್ನು ಬಾಯಲ್ಲಿ ಎರಡು ಸಲ ಉರುಳಿಸಿಕೊಂಡು, ಗಂಟಲು ಸರಿ ಮಾಡಿಕೊಂಡು, "ಧೂರಾನಾ?" ಎಂದರು. ಧ ಸ್ವಲ್ಪ ದಪ್ಪವಾಯಿತು. ಆದರೂ ನಮ್ಮ ಬಸ್ಸಿನ ಮರಿಯಯ್ಯನೇ ಬಂದು ಕೇಳಿದ ಹಾಗಾಯಿತು.

"ಊ ಕಣಪ್ಪಾ, ದೂರ. ಕಲ್ಕತ್ತ," ಎಂದಳು ನನ್ನ ತಂಗಿ. ನೀರು ಕುಡಿದು ಎದ್ದಳು. ವಿಮಾನದ ಒಳಗಿದ್ದವರೆಲ್ಲ ಚಪ್ಪಾಳೆ ಹೊಡೆದರು. ನನಗೂ ಹೊಡೆಯಬೇಕೆನಿಸಿತು, ಕೈಯಲ್ಲಿ ಮಣೆ ಇತ್ತು. ಮತ್ತೆ ಆ ನಗು ಬಂತು ನೋಡಿ, ಈ ಸಲ ನೆಲದ ಮೇಲೆಯೇ. ಬಾಗಿಲು ಮುಚ್ಚುವ ಮೊದಲು ನಾನು ತಮ್ಮನ್ನು ನೋಡಿದೆ. ತಾವು ನಗಲಿಲ್ಲ.

ಆ ದಿನ ನಾವು ಹತ್ತದಿದ್ದರೆ ಏನಾಗುತ್ತಿತ್ತು ಎಂಬುದನ್ನು ಈಗ ಕೇಳಿ. ಕಲ್ಕತ್ತೆಯಲ್ಲಿ ನಾವು ಇಳಿಯುವ ಹೊತ್ತಿಗೆ ನಿಂಗಿಗೆ ನೋವು ಶುರುವಾಗಿತ್ತು. ಲೇಡಿ ಡಾಕ್ಟರು ಏನು ಹೇಳಿದರೂ ಕೇಳದೆ, ಮಂಚದ ಕಂಬಿ ಹಿಡಿದು, "ಅವ್ವ ಬರೋಗಂಟ ನಾ ಎರಕಿಲ್ಲ" ಎಂದು ಕನ್ನಡದಲ್ಲಿ ಕಿರುಚುತ್ತಿದ್ದಳಂತೆ. ಅವರಿಗೆ ಅರ್ಥವಾಗದೆ ಎಲ್ಲರೂ ಮಾದಣ್ಣನನ್ನು ಬಯ್ಯುತ್ತಿದ್ದರಂತೆ. ಮಲ್ಲಾಜಮ್ಮ ಒಳಕ್ಕೆ ಹೋಗಿ ಅವಳ ನೆತ್ತಿಗೆ ಕೈಯಿಟ್ಟು ಎಣ್ಣೆ ತಟ್ಟಿದಳು. ಅಷ್ಟೇ, ಕಿರುಚುವುದು ನಿಂತಿತು. ಮಾರನೆಯ ದಿನ ಹೊತ್ತು ಏರುವ ಮೊದಲೇ ಹೆಣ್ಣು ಮಗು. ಮಾದಣ್ಣ ಹೇಳಿದ್ದ ಮರುದಿನದ ವಿಮಾನ ಆಗಿನ್ನೂ ತಮ್ಮ ಬಯಲಿನಲ್ಲಿ ಬಾಲ ನೆಲಕ್ಕೆ ಊರಿಕೊಂಡು ಮಲಗಿತ್ತು, ನನ್ನ ಎತ್ತಿನ ಹಾಗೆ.

ನಿಂಗಿಯನ್ನು ನೋಡಿ, ಹೊಸ ಕೂಸನ್ನು ನೋಡಿ, ನಾನೊಬ್ಬನೇ ರೈಲಿನಲ್ಲಿ ವಾಪಸು ಬಂದಿದ್ದೇನೆ. ಬಿತ್ತನೆಯ ಕಾಲ, ನಿಲ್ಲುವ ಹಾಗಿರಲಿಲ್ಲ. ಮಲ್ಲಾಜಮ್ಮ ಬಾಣಂತನಕ್ಕೆ ಅಲ್ಲಿಯೇ ಉಳಿದಿದ್ದಾಳೆ. ಶ್ರಾವಣ ಕಳೆಯುತ್ತಲೂ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ತವರಿಗೆ ಹೊರಡುತ್ತಾಳೆ. ಬಾಣಂತಿಗೆ ರೈಲು ಬೇಡವೆಂದು ಮಾದಣ್ಣ ಮತ್ತೆ ವಿಮಾನದ ಪಾಸೇ ಮಾಡಿಸುತ್ತಿದ್ದಾನೆ. ಅದೇ ತಮ್ಮ ನಿಲ್ದಾಣದಲ್ಲಿ ಇಳಿದು, ಅದೇ ಎಲೆ ಅಡಿಕೆಯ ಹೊತ್ತಿನಲ್ಲಿ, ಬೆಂಗಳೂರಿನ ವಿಮಾನ ಹತ್ತಬೇಕು. ಈ ಸಲ ಕಂಕುಳಲ್ಲಿ ಕೂಸು ಇರುತ್ತದೆ. ಮಣೆಯೂ ಬರುತ್ತದೆ. ಚೆನ್ನಾಗಿ ತಿಳಿದುಕೊಳ್ಳಿ, ಕೂರುವವರು ಈ ಸಲ ಒಬ್ಬರಲ್ಲ. ಅವ್ವ ಕೂತರೆ ಮಗಳೂ ಕೂರುತ್ತಾಳೆ, ಕೂಸಿಗೆ ಹಸಿವಾದರೆ ಅಲ್ಲಿಯೇ ಹಾಲೂ ಕುಡಿಸುತ್ತಾಳೆ. ತಮ್ಮ ಗಡಿಯಾರ ಏನು ಮಾಡುತ್ತದೋ ನೋಡೋಣ.

ಆದ್ದರಿಂದ ಬೇಡಿಕೆ ಇಷ್ಟು. ಒಂದು ವಿಮಾನಕ್ಕೂ ಇನ್ನೊಂದಕ್ಕೂ ನಡುವೆ ಮನುಷ್ಯರು ನಡೆದು ಹೋಗುವಷ್ಟು ಹೊತ್ತು ಇಡಿ. ಬರಬೇಕಾದವರು ಬಯಲಿನಲ್ಲಿ ಓಡಿ ಬರುತ್ತಿರುವುದು ಕಂಡರೆ ಏಣಿ ಎಳೆಯಬೇಡಿ, ನಮ್ಮ ಗಾರ್ಡಿನಷ್ಟಾದರೂ ಕನಿಕರ ಇರಲಿ. ಬಾಗಿಲಿಗೊಂದು ಕಲ್ಲುಬೆಂಚು, ಒಂದು ಮಡಕೆ ನೀರು ಇಡಿಸಿ. ಟೋಪಿಯವರಿಗೆಲ್ಲ ಟಿಕೆಟು ಓದಲು ಕಲಿಸಿ. ಓದಿಯೂ ಬಾಯಿ ತಡೆಯಲಾರದವರು "ದೂರಾನಾ" ಎಂದು ಕೇಳಲಿ. ತಮಗೂ ಶ್ರಾವಣದವರೆಗೆ ಸಮಯವಿದೆ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿ. ಧ ದಪ್ಪವಾದರೂ ಪರವಾಗಿಲ್ಲ, ನಾವು ಹೊಂದಿಸಿಕೊಳ್ಳುತ್ತೇವೆ. ಬಾರದಿದ್ದರೆ ಮೊಯ್ದುವನ್ನು ಕೇಳಿ, ಹೇಳಿಕೊಡುತ್ತಾನೆ. ಅಂದ ಹಾಗೆ ಈ ಪತ್ರ ಬರೆದದ್ದು ನಾನು, ಅವನಲ್ಲ. ಅವನ ಮೇಲೆ ಕಣ್ಣು ಕೆಂಪು ಮಾಡಿದಿರೆಂದು ತಿಳಿದರೆ ಮುಂದಿನ ಪತ್ರದಲ್ಲಿ ನನ್ನ ಸಿಟ್ಟಿನ ಕಾಗುಣಿತವನ್ನೂ ಯಾರಿಂದಲೂ ತಿದ್ದಿಸುವುದಿಲ್ಲ.

ಇದೆಲ್ಲ ಹಳ್ಳಿಯವರ ಹಟ ಎಂದು ತಮಗೆ ಅನಿಸಿದರೆ ಕಡೆಯದಾಗಿ ಒಂದು ಹೇಳಿ ಮುಗಿಸುತ್ತೇನೆ. ಕೂಸನ್ನು ತೊಳೆದು ತಂದುಕೊಟ್ಟಾಗ ಮಲ್ಲಾಜಮ್ಮ ಆ ಸವೆದ ಮಣೆಯ ಮೇಲೆ ಕಾಲು ನೀಡಿ ಕೂತಿದ್ದಳು. ಕೂಸು ಮುಷ್ಟಿ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು, ಈಗಷ್ಟೇ ಓಡಿ ಬಂದು ಹತ್ತಿದವರ ಹಾಗೆ ಏದುಸಿರು ಬಿಡುತ್ತಿತ್ತು. ಅವಳು ಅದನ್ನು ಕಾಲ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ನೋಡಿದಳು. ಎಲ್ಲಿಂದ ಬಂದೆ ಎಂದು ಕೇಳಲಿಲ್ಲ.

"ದೂರಾನೇನಮ್ಮಿ?" ಎಂದಳು.

ಇಂತಿ,
ಟಿಕೆಟಿನಲ್ಲಿ ಬರೆದಿದ್ದ ಊರಿಗೇ ಹೋಗಿ ಬಂದು, ಇನ್ನೂ ಹೆಗಲು ನೋಯುತ್ತಿರುವ
ತೆರಕಣಾಂಬಿಯ ಚಿಕ್ಕಬಸವಯ್ಯ,
ಮಲ್ಲಾಜಮ್ಮನ ಅಣ್ಣ ಮತ್ತು ಆ ಮಣೆಯ ಹಮಾಲಿ